ಪಂದ್ಯದ ಹೊತ್ತನ್ನು ಟಿವಿ ಗೊತ್ತುಮಾಡಬಹುದೇ?

ಫುಟ್‌ಬಾಲ್ ಪಂದ್ಯ ಯಾವ ದಿನ, ಎಷ್ಟು ಗಂಟೆಗೆ ಶುರುವಾಗಬೇಕು ಎಂಬುದನ್ನು ಪ್ರಸಾರದ ಹಕ್ಕು ಕೊಂಡವರ ಅನುಕೂಲಕ್ಕೆ ಬಿಡುವುದು ಸರಿಯೇ? ಈ ಪ್ರಶ್ನೆಗೆ ಉತ್ತರ ಕನ್ನಡ ಜಿಲ್ಲೆಯ ಇಬ್ಬರು ಉತ್ತರಿಸಿದ್ದಾರೆ. ಒಬ್ಬರು ಘಟ್ಟದ ಮೇಲೆ ಶಿರಸಿ ಕಡೆಯ ಅಡಿಕೆ ತೋಟದ ಮನೆಯವರು, ಇನ್ನೊಬ್ಬರು ಕಾರವಾರದ ಕಡಲ ದಂಡೆಯಲ್ಲಿ ಆಡಿ, ಆಡಿಸಿ ಬೆಳೆದವರು.

ಪರ
ಅಡಿಕೆ ಸುಲಿಯುವ ಜಗಲಿಗೂ ಆಟ ಬರಲಿ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯ ಜಗಲಿಯಲ್ಲಿ ರಾತ್ರಿ ಹನ್ನೊಂದಾದರೂ ದೀಪ ಆರುವುದಿಲ್ಲ. ಹಗಲು ಮರದಿಂದ ಇಳಿಸಿದ ಗೊನೆಯ ಅಡಿಕೆಯನ್ನು ರಾತ್ರಿಯೇ ಸುಲಿದು ಮುಗಿಸಬೇಕು, ಬೆಳಗಾಗುತ್ತಲೇ ಹಂಡೆಗೆ ಹಾಕಿ ಬೇಯಿಸಬೇಕು. ಹಸಿ ಅಡಿಕೆ ಯಾರಿಗಾಗಿಯೂ ಕಾಯುವುದಿಲ್ಲ. ಅಕ್ಕಪಕ್ಕದ ಮನೆಯವರೂ ಸೇರಿ ಏಳೆಂಟು ಮೆಟ್ಟುಗತ್ತಿಗಳು ಸಾಲಾಗಿ ಕೂರುತ್ತವೆ. ನಾನು ಈ ಮನೆಗೆ ಬಂದ ಹೊಸದರಲ್ಲಿ ಆ ಹೊತ್ತಿಗೆ ತಾಳಮದ್ದಲೆಯ ಕ್ಯಾಸೆಟ್ ಹಾಕುತ್ತಿದ್ದರು. ಈಗ ಶನಿವಾರ, ಭಾನುವಾರವಾದರೆ ಫುಟ್‌ಬಾಲ್. ಕಣ್ಣು ಕತ್ತಿಯ ಮೇಲೆ, ಕಿವಿ ಟಿವಿಯ ಮೇಲೆ. ಕೂಗು ಎದ್ದಾಗ ಮಾತ್ರ ಎಲ್ಲರೂ ತಲೆಯೆತ್ತುತ್ತೇವೆ.

ಇಂಗ್ಲೆಂಡಿನ ಚಳಿಗಾಲದ ಶನಿವಾರ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಲ್ಲಿ ಮಧ್ಯಾಹ್ನ 12:30ಕ್ಕೆ ಶುರುವಾಗುವ ಪಂದ್ಯ ನಮಗೆ ಸಂಜೆ 6ಕ್ಕೆ ಬರುತ್ತದೆ, 3 ಗಂಟೆಯದು ರಾತ್ರಿ 8:30ಕ್ಕೆ, 5:30ರದು 11ಕ್ಕೆ. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಅದಕ್ಕೂ ಮೊದಲು ಇವೆಲ್ಲ ನಮಗೆ ಒಂದೊಂದು ಗಂಟೆ ಬೇಗ. ನಮ್ಮ ಮನೆಯ ಹುಡುಗರಿಗೆ ಈ ಲೆಕ್ಕ ಪಂಚಾಂಗದಷ್ಟೇ ಬಾಯಿಪಾಠ. ಒಂದರ ಬೆನ್ನಿಗೆ ಒಂದು ಪಂದ್ಯ ಬರುವಂತೆ ದಿನವನ್ನು ಹೀಗೆ ಹರವಿದ್ದು ಟಿವಿ. ಎಲ್ಲವೂ 3ಕ್ಕೇ ಶುರುವಾಗಿದ್ದರೆ ನನ್ನ ಪಾಲಿಗೆ ಒಂದು ಪಂದ್ಯ ಸಿಗುತ್ತಿತ್ತು, ಉಳಿದವುಗಳ ಫಲಿತಾಂಶ ಮರುದಿನದ ಪತ್ರಿಕೆಯಲ್ಲಿ.

ಇಂಗ್ಲೆಂಡಿನ ಮೇಲ್ದರ್ಜೆಯ ಪ್ರೀಮಿಯರ್ ಲೀಗ್ ಹುಟ್ಟಿದ್ದು 1992ರಲ್ಲಿ. ಅದೇ ವರ್ಷ ಉಪಗ್ರಹ ವಾಹಿನಿಯೊಂದು ಹಕ್ಕು ಕೊಂಡು ಭಾನುವಾರಕ್ಕೆ, ಸೋಮವಾರ ರಾತ್ರಿಗೆ ಪಂದ್ಯಗಳನ್ನು ಸರಿಸಿತು. ಶನಿವಾರ ಮಧ್ಯಾಹ್ನ 3 ಗಂಟೆ ಎಂಬ ಸಂಪ್ರದಾಯ ಮುರಿಯಿತು ಎಂದು ಆಗ ಬೇಸರಪಟ್ಟವರು ಬಹಳ, ಈಗಲೂ ಇದ್ದಾರೆ. ಆದರೆ ಆ 3 ಗಂಟೆ ಎಲ್ಲಿಂದ ಬಂತು? 1850ರ ಕಾರ್ಖಾನೆ ಕಾಯ್ದೆಯು ಗಿರಣಿಗಳಲ್ಲಿ ಹೆಂಗಸರ, ಎಳೆಯರ ಶನಿವಾರದ ಕೆಲಸ ಮಧ್ಯಾಹ್ನ 2ಕ್ಕೆ ನಿಲ್ಲಬೇಕೆಂದು ಮಾಡಿತು. ಕ್ರಮೇಣ ಶನಿವಾರದ ಅರ್ಧ ರಜೆ ಎಲ್ಲೆಡೆ ಹರಡಿತು. ಗಿರಣಿಯಿಂದ ಹೊರಬಿದ್ದವರು ಮೈದಾನ ಮುಟ್ಟುವ ಹೊತ್ತು ಅದು. ಅಂದರೆ ನೋಡುವವರ ಬಿಡುವಿಗೆ ಆಟ ಹೊಂದಿಕೊಂಡಿತ್ತು. ಆಗ ನೋಡುವವರು ಗಿರಣಿಯ ಕೆಲಸಗಾರರು. ಈಗ ಅದೇ ಆಟವನ್ನು ನೋಡುವವರಲ್ಲಿ ಮೆಟ್ಟುಗತ್ತಿಯ ಮುಂದೆ ಕೂತವರೂ ಇದ್ದಾರೆ. ಬಿಡುವು ಬೇರೆ, ಹಾಗಾಗಿ ಹೊತ್ತೂ ಬೇರೆ.

ನಾನು ಈವರೆಗೆ ಒಂದು ದೊಡ್ಡ ಕ್ರೀಡಾಂಗಣದ ಒಳಗೂ ಕಾಲಿಟ್ಟಿಲ್ಲ. ಬೆಂಗಳೂರಿನ ಕಂಠೀರವ ಇಲ್ಲಿಂದ ಸುಮಾರು 400 ಕಿಲೋಮೀಟರ್. ತೋಟ, ದನ, ಅತ್ತೆಯ ಔಷಧಿ, ಮಕ್ಕಳ ಪರೀಕ್ಷೆ ಎಲ್ಲ ಬಿಟ್ಟು ಪಂದ್ಯ ನೋಡಲೆಂದು ರಾತ್ರಿ ಬಸ್ಸು ಹತ್ತುವ ಹೆಂಗಸು ನಮ್ಮ ಸೀಮೆಯಲ್ಲಿ ಎಷ್ಟು ಜನ? "ನಿಜವಾದ ಅಭಿಮಾನಿ ಮೈದಾನದಲ್ಲಿರುತ್ತಾನೆ" ಎನ್ನುವವರು ಆ ಮಾತಿನಲ್ಲಿ ಯಾರ್‍ಯಾರನ್ನು ಹೊರಗಿಟ್ಟೆವು ಎಂದು ಒಮ್ಮೆ ಯೋಚಿಸಬೇಕು. ಊರು ಬಿಟ್ಟು ಹೋಗಲಾರದವರು, ಹಾಸಿಗೆ ಹಿಡಿದವರು, ಟಿಕೆಟ್ಟಿಗೆ ದುಡ್ಡಿಲ್ಲದವರು, ಎಳೆ ಕೂಸಿನ ತಾಯಂದಿರು, ಇವರಿಗೆ ಆಟವನ್ನು ಕೊಟ್ಟದ್ದು ಟಿವಿ. ನನ್ನ ಭಟ್ಕಳದ ಗೆಳತಿಯ ಗಂಡ ದುಬೈನಲ್ಲಿ ಕೆಲಸದಲ್ಲಿದ್ದಾರೆ. ನಮ್ಮ 8:30 ಅವರಿಗೆ 7 ಗಂಟೆ. ಇಬ್ಬರೂ ಒಂದೇ ಪಂದ್ಯ ಹಾಕಿಕೊಂಡು ಫೋನು ಸ್ಪೀಕರಿಗೆ ಇಟ್ಟು ಕೂರುತ್ತಾರೆ. ವಾರಕ್ಕೆ ಅವರು ಒಟ್ಟಿಗೆ ಕಳೆಯುವ ಎರಡು ಗಂಟೆ ಅದು.

ನೋಡುವವರು ಇಷ್ಟು ದೂರದಲ್ಲಿದ್ದಾರೆಂದು ಸ್ಪೇನಿನವರು ಬೇಗ ಅರಿತರು. 2017ರ ಡಿಸೆಂಬರ್ 23ರಂದು ರಿಯಲ್ ಮ್ಯಾಡ್ರಿಡ್–ಬಾರ್ಸಿಲೋನಾ ಪಂದ್ಯವನ್ನು ಮ್ಯಾಡ್ರಿಡ್‌ನಲ್ಲಿ ಮಧ್ಯಾಹ್ನ 1ಕ್ಕೆ ಆಡಿಸಿದರು, ಏಷ್ಯಾದವರು ನೋಡಲೆಂದೇ. ನಮಗೆ ಅದು ಸಂಜೆ 5:30, ಚಹಾದ ಹೊತ್ತು. ಬಾರ್ಸಿಲೋನಾ 3–0ಯಿಂದ ಗೆದ್ದಿತು. ಅಲ್ಲಿಯವರೆಗೆ ಆ ಪಂದ್ಯವೆಂದರೆ ನಡುರಾತ್ರಿಯ ಅಲಾರಂ ಎಂದೇ ನಮ್ಮ ಲೆಕ್ಕ. ದೊಡ್ಡವರು ನಮ್ಮ ಗಡಿಯಾರವನ್ನೂ ನೋಡಿದರು ಎಂಬ ಸಂತೋಷ ಸಣ್ಣದಲ್ಲ.

ಇನ್ನು ದುಡ್ಡಿನ ವಿಷಯ. ಪ್ರೀಮಿಯರ್ ಲೀಗಿನ 1992ರ ಒಪ್ಪಂದ ಐದು ವರ್ಷಕ್ಕೆ 30.4 ಕೋಟಿ ಪೌಂಡ್. 2025–26ರಿಂದ ಜಾರಿಗೆ ಬಂದ ದೇಶೀ, ಅಂದರೆ ಬ್ರಿಟನ್ನಿನೊಳಗಿನ ಪ್ರಸಾರದ, ಹಕ್ಕಿನ ಒಪ್ಪಂದ ನಾಲ್ಕು ವರ್ಷಕ್ಕೆ 670 ಕೋಟಿ ಪೌಂಡ್. ಆ ದೇಶೀ ಹಣದ ಅರ್ಧ ಭಾಗ ಇಪ್ಪತ್ತೂ ಕ್ಲಬ್‌ಗಳಿಗೆ ಸಮಪಾಲಾಗಿ ಹೋಗುತ್ತದೆ. ಹಾಗಾಗಿಯೇ ಸಣ್ಣ ಪಟ್ಟಣದ ತಂಡವೂ ಒಳ್ಳೆಯ ಆಟಗಾರನನ್ನು ತಂದು ನಿಲ್ಲಿಸಬಲ್ಲದು. ನಮ್ಮಲ್ಲಿ ಆ ಹಣ ನಿಂತರೆ ಏನಾಗುತ್ತದೆ ಎಂಬುದನ್ನು ನೋಡಿಯೂ ಆಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಕೊಟ್ಟಿತ್ತು. 2025ರಲ್ಲಿ ಅದು ಮುಗಿಯುವ ಹೊತ್ತಿಗೆ ಹೊಸ ಒಪ್ಪಂದ ಆಗಿರಲಿಲ್ಲ. ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸಮಯಕ್ಕೆ ಶುರುವಾಗಲೇ ಇಲ್ಲ. ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿದಿರುವುದಾಗಿ ಪ್ರಕಟಿಸಿತು. 2018–19ರಲ್ಲಿ ಕಪ್ ಗೆದ್ದ ಕ್ಲಬ್ ಅದು. ಮೈದಾನ ಇತ್ತು, ಆಟಗಾರರಿದ್ದರು, ಅಭಿಮಾನಿಗಳೂ ಇದ್ದರು. ಹಣ ಹಾಕಿ ಆಟವನ್ನು ತೋರಿಸುವವರು ಯಾರೆಂಬುದೇ ಇತ್ಯರ್ಥವಾಗಿರಲಿಲ್ಲ.

ಯಕ್ಷಗಾನವನ್ನೇ ನೋಡಿ. ಇಡೀ ರಾತ್ರಿಯ ಬಯಲಾಟಕ್ಕೆ ಒಗ್ಗಿದವರು ಕಾಲಮಿತಿ ಪ್ರಯೋಗ ಬಂದಾಗ ಎಷ್ಟು ಸಿಟ್ಟಾಗಿದ್ದರು! ನನ್ನ ಮಾವನವರು ಮೊದಮೊದಲು ಅದಕ್ಕೆ ಹೋಗಲೇ ಇಲ್ಲ. ಬೆಳಿಗ್ಗೆ ಆಫೀಸು, ಶಾಲೆ ಇರುವ ಜನ ಸಂಜೆ ಆರಕ್ಕೆ ಬಂದು ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ ಮನೆ ಸೇರುವಂತಾದದ್ದರಿಂದಲೇ ನನ್ನ ಮಕ್ಕಳ ಪ್ರಾಯದವರು ಚಂಡೆಯ ಸದ್ದು ಕೇಳಿ ಬೆಳೆದರು. ಬೆಳಗಿನ ತನಕ ಕೂರುವ ಸುಖ ಹೋಯಿತು, ನಿಜ. ಕಲೆ ಉಳಿಯಿತು, ನೋಡುವವರು ಹೆಚ್ಚಿದರು.

ಹೊತ್ತನ್ನು ಟಿವಿಗೆ ಬಿಟ್ಟುಕೊಟ್ಟರೆ ಅದು ಎಲ್ಲವನ್ನೂ ನುಂಗುತ್ತದೆ ಎಂಬ ಭಯಕ್ಕೂ ಉತ್ತರವಿದೆ. ಬ್ರಿಟನ್‌ನಲ್ಲಿ ಶನಿವಾರ ಮಧ್ಯಾಹ್ನ 2:45ರಿಂದ 5:15ರ ತನಕ ಯಾವ ಫುಟ್‌ಬಾಲ್ ಪಂದ್ಯವನ್ನೂ ನೇರವಾಗಿ ತೋರಿಸುವಂತಿಲ್ಲ. 1960ರ ದಶಕದಲ್ಲಿ ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಹಟ ಹಿಡಿದು ಮಾಡಿಸಿದ ಕಟ್ಟು ಅದು, ಕೆಳ ವಿಭಾಗದ ಕ್ಲಬ್‌ಗಳ ಗೇಟು ಖಾಲಿಯಾಗಬಾರದೆಂದು. ಇಷ್ಟು ಕೋಟಿ ಸುರಿಯುವ ವಾಹಿನಿಗಳೂ ಅದಕ್ಕೆ ತಲೆಬಾಗಿವೆ. ಮ್ಯಾಂಚೆಸ್ಟರಿನ ಮನೆಯಲ್ಲಿ ಟಿವಿ ಮುಂದೆ ಕೂತವನಿಗೆ ಕಾಣದ 3 ಗಂಟೆಯ ಪಂದ್ಯ ಶಿರಸಿಯ ಜಗಲಿಯಲ್ಲಿ ಕಾಣುತ್ತದೆ. ಕಟ್ಟು ಹಾಕುವವರು ಗಟ್ಟಿಯಾಗಿದ್ದರೆ ಟಿವಿ ಕಟ್ಟಿನೊಳಗೇ ಇರುತ್ತದೆ. ಉರಿಬಿಸಿಲಿನಲ್ಲಿ ಆಡಿಸಬಾರದು ಎಂಬ ಕಟ್ಟು ಹಾಕಿ, ನಾನೂ ಕೈಯೆತ್ತುತ್ತೇನೆ.

2023ರ ಮಾರ್ಚ್ 4ರಂದು ಕರ್ನಾಟಕ 54 ವರ್ಷಗಳ ಮೇಲೆ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತು, ಮೇಘಾಲಯದ ಎದುರು 3–2. ಆಡಿದ್ದು ಸೌದಿಯ ರಿಯಾದ್‌ನಲ್ಲಿ. ಕಳೆದ ಸಲ ನಾವು ಗೆದ್ದಾಗ ರಾಜ್ಯದ ಹೆಸರಿನ್ನೂ ಮೈಸೂರು, ನಾನು ಹುಟ್ಟಿಯೇ ಇರಲಿಲ್ಲ. ಆ ರಾತ್ರಿ ಮಗ ಮೊಬೈಲನ್ನು ಅಡಿಕೆ ಚೀಲಕ್ಕೆ ಒರಗಿಸಿ ಇಟ್ಟಿದ್ದ, ಆರು ಜನ ಅದಕ್ಕೆ ಬಗ್ಗಿ ನೋಡಿದೆವು.

ವಿರೋಧ
ಕೊನೆಯ ಬಸ್ಸು ಹೋದ ಮೇಲೆ

ಕಾರವಾರದ ದಂಡೆಯಲ್ಲಿ ನಾವು ಹುಡುಗರಾಗಿದ್ದಾಗ ಆಟದ ಹೊತ್ತನ್ನು ಕಡಲೇ ಹೇಳುತ್ತಿತ್ತು. ಭರ್ತಿಯಿದ್ದರೆ, ಅಂದರೆ ನೀರು ಏರಿದ್ದರೆ, ಮೈದಾನವೇ ಇಲ್ಲ, ಮೇಲಿನ ಒಣ ಮರಳಲ್ಲಿ ಚೆಂಡು ಹೂತುಕೊಳ್ಳುತ್ತದೆ. ಸುಕ್ತಿ ಬಂದು ನೀರು ಹಿಂದೆ ಸರಿದಾಗ ಗಟ್ಟಿಯಾದ ಒದ್ದೆ ಮರಳು ಹಾಸುಗಲ್ಲಿನಂತೆ ತೆರೆದುಕೊಳ್ಳುತ್ತದೆ. ದಿನಕ್ಕೆ ಸುಮಾರು 50 ನಿಮಿಷ ಅದು ಮುಂದೆ ಹೋಗುತ್ತದೆ. ಇವತ್ತು 4 ಗಂಟೆಗಾದರೆ ನಾಳೆ 5ರ ಹತ್ತಿರ. ಯಾರೂ ವೇಳಾಪಟ್ಟಿ ಅಂಟಿಸುತ್ತಿರಲಿಲ್ಲ, ಆದರೂ ಇಪ್ಪತ್ತೆರಡು ಜನ ಸರಿಯಾಗಿ ಬಂದು ಸೇರುತ್ತಿದ್ದೆವು. ಮೀನು ಹಿಡಿಯುವವರ ಮಕ್ಕಳಿಗೆ ನೀರಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಪಂದ್ಯದ ಹೊತ್ತು ಯಾವತ್ತೂ ಒಂದೇ ಆಗಿರಲಿಲ್ಲ ಎಂದು ಶಿರಸಿಯ ಅಕ್ಕ ಬರೆದದ್ದನ್ನು ನಾನು ಒಪ್ಪುತ್ತೇನೆ. ನಮ್ಮದಂತೂ ದಿನಾ ಬದಲಾಗುತ್ತಿತ್ತು. ಆದರೆ ಕಡಲಿಗೆ ಆಡುವವನ ಕಾಲು ಗೊತ್ತು, ಗಿರಣಿಯ ಗಡಿಯಾರಕ್ಕೆ ಮೈದಾನಕ್ಕೆ ನಡೆದು ಬರುವವನ ದಾರಿ ಗೊತ್ತಿತ್ತು. ಆ 3 ಗಂಟೆಯನ್ನು ಇಟ್ಟದ್ದೇ ಎದುರಿಗೆ ನಿಂತು ನೋಡುವವರನ್ನು ನೆನೆದು. ಹಕ್ಕು ಕೊಂಡವರು ಇಡುವ ಹೊತ್ತು ಹಾಗಲ್ಲ. ಅದು ಜಾಹೀರಾತಿನ ಬೆಲೆ ಯಾವಾಗ ಏರುತ್ತದೆ ಎಂದು ನೋಡಿ ಇಟ್ಟದ್ದು. ಆಡುವವರನ್ನೂ ಬಂದು ಕೂರುವವರನ್ನೂ ಆಮೇಲೆ ಅದಕ್ಕೆ ಹೊಂದಿಸುತ್ತಾರೆ.

ಮೊದಲು ಆಡುವವರ ಮಾತು. 1986ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಪಂದ್ಯಗಳನ್ನು ನಡುಮಧ್ಯಾಹ್ನ 12ಕ್ಕೆ ಇಟ್ಟರು, ಯುರೋಪಿನಲ್ಲಿ ಸಂಜೆ ಟಿವಿ ನೋಡುವ ಹೊತ್ತಿಗೆ ಸರಿಹೋಗಲೆಂದು. ಮೆಕ್ಸಿಕೊ ಸಿಟಿ ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ, ಗಾಳಿಯೇ ತೆಳು. ಅಲ್ಲಿ ನೆತ್ತಿಯ ಮೇಲೆ ಸೂರ್ಯನನ್ನು ಇಟ್ಟುಕೊಂಡು 90 ನಿಮಿಷ ಓಡಬೇಕು. ಅರ್ಜೆಂಟೀನಾದ ಮರಡೋನಾ, ವಾಲ್ಡಾನೊ ಬಹಿರಂಗವಾಗಿಯೇ ಆಕ್ಷೇಪಿಸಿದರು. ಹೊತ್ತು ಬದಲಾಗಲಿಲ್ಲ. ಜೂನ್ 29ರ ಫೈನಲ್ ಕೂಡ ಮಧ್ಯಾಹ್ನ 12ಕ್ಕೇ ನಡೆಯಿತು. ಅದಕ್ಕೂ ಮೊದಲು 1970ರಲ್ಲಿ ಅದೇ ದೇಶದಲ್ಲಿ ಬ್ರೆಜಿಲ್–ಇಂಗ್ಲೆಂಡ್ ಪಂದ್ಯವನ್ನು ಹೀಗೇ ನಡುಹಗಲಲ್ಲಿ ಆಡಿಸಿದ್ದರು. 1994ರಲ್ಲಿ ಅಮೆರಿಕದ ಪಾಸಡೀನಾದಲ್ಲಿ ಫೈನಲ್ ಶುರುವಾದದ್ದು 12:30ಕ್ಕೆ, ಜುಲೈ ತಿಂಗಳಲ್ಲಿ. 120 ನಿಮಿಷ ಆಡಿದರೂ ಒಂದು ಗೋಲು ಬರಲಿಲ್ಲ. ಜಗತ್ತಿನ ಅತ್ಯುತ್ತಮರು ಬಿಸಿಲಲ್ಲಿ ಕಾಲೆಳೆದುಕೊಂಡು ನಡೆಯುವುದನ್ನು ನಾವು ನೋಡಿದೆವು, ಇಟಲಿಯ ಬಾಜಿಯೊ ಕೊನೆಯ ಪೆನಾಲ್ಟಿಯನ್ನು ಕಂಬದ ಮೇಲೆ ಹಾರಿಸುವ ತನಕ.

ಇದು ಹಳೆಯ ಕಥೆ ಎಂದುಕೊಂಡರೆ, 2025ರ ಕ್ಲಬ್ ವಿಶ್ವಕಪ್ ಇದೆ. ಜೂನ್ 15ರಂದು ಅದೇ ಪಾಸಡೀನಾದಲ್ಲಿ, ಅದೇ ನಡುಮಧ್ಯಾಹ್ನ ಪ್ಯಾರಿಸ್ಸಿನ ಪಿಎಸ್‌ಜಿ ಮತ್ತು ಅಟ್ಲೆಟಿಕೊ ಮ್ಯಾಡ್ರಿಡ್ ಆಡಿದವು. ಕೆಲವು ದಿನಗಳ ಮೇಲೆ ಸಿನ್ಸಿನಾಟಿಯಲ್ಲಿ ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ ತನ್ನ ಬದಲಿ ಆಟಗಾರರನ್ನು ಮೊದಲರ್ಧ ಮೈದಾನದ ಬದಿಯಲ್ಲಿ ಕೂರಿಸಲಿಲ್ಲ, ಬಿಸಿಲಿಗೆ ಹೆದರಿ ಡ್ರೆಸ್ಸಿಂಗ್ ರೂಮಿನಲ್ಲೇ ಇಟ್ಟಿತು. ಅವರು ತಮ್ಮದೇ ತಂಡದ ಆಟವನ್ನು ಒಳಗೆ ಟಿವಿಯಲ್ಲಿ ನೋಡಿದರು. ಈ ಚಿತ್ರ ನನ್ನ ಕಣ್ಣಿನಿಂದ ಹೋಗುವುದಿಲ್ಲ. 2026ರ ವಿಶ್ವಕಪ್‌ಗೆ ಫೀಫಾ ಪ್ರತಿ ಅರ್ಧದಲ್ಲೂ 3 ನಿಮಿಷ ನೀರು ಕುಡಿಯುವ ವಿರಾಮ ಕಡ್ಡಾಯ ಮಾಡಿತು. ಕುಡಿಯಲು ನೀರು ಕೊಟ್ಟದ್ದು ಒಳ್ಳೆಯದೇ. ಆದರೆ ಬೇಸಿಗೆಯಲ್ಲಿ ಮನುಷ್ಯರನ್ನು ಓಡಿಸಲು ಬೇಕಾದದ್ದು ಮೊದಲು ಸಂಜೆ. ನಮ್ಮ ಕಡೆ ಏಪ್ರಿಲ್ ತಿಂಗಳ ಸೆಕೆಯಲ್ಲಿ ಮಧ್ಯಾಹ್ನ 12ಕ್ಕೆ ಎತ್ತನ್ನೂ ನೇಗಿಲಿಗೆ ಕಟ್ಟುವುದಿಲ್ಲ.

ಇನ್ನು ಬಂದು ನೋಡುವವರು. ಕಾರವಾರದಿಂದ ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣಕ್ಕೆ ಸುಮಾರು 70 ಕಿಲೋಮೀಟರ್. ಮಾಜಾಳಿ ದಾಟಿದರೆ ಗೋವೆ, ಕಾಣಕೋಣ, ಆಮೇಲೆ ಘಾಟಿ. ಜಿಲ್ಲೆಯ ನಮಗೆ ದೊಡ್ಡ ಫುಟ್‌ಬಾಲ್ ಎಂದರೆ ಇದೇ ಹತ್ತಿರದ್ದು. ಐಎಸ್‌ಎಲ್ ಪಂದ್ಯ ರಾತ್ರಿ 7:30ಕ್ಕೆ ಶುರುವಾದರೆ ಮುಗಿಯುವಾಗ 9:20 ದಾಟುತ್ತದೆ. ಸ್ವಂತ ಗಾಡಿ ಇದ್ದವನು ಹನ್ನೊಂದೂವರೆಗೆ ಮನೆ ಸೇರಿಯಾನು. ಇಲ್ಲದವನು? ಸಂಜೆ 5ಕ್ಕೆ ಇಟ್ಟ ಪಂದ್ಯಕ್ಕೆ ನಮ್ಮ ಕೇರಿಯಿಂದ ಹನ್ನೆರಡು ಹುಡುಗರು ಹೋಗಿದ್ದರು. 7:30ರದಕ್ಕೆ ಒಂದು ಕಾರು ತುಂಬಿದರೆ ಹೆಚ್ಚು. ನಾನು ಒಮ್ಮೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿ, ಕೊನೆಯ ಬಸ್ಸು ತಪ್ಪಿಹೋಗುತ್ತದೆಂದು 70ನೇ ನಿಮಿಷಕ್ಕೆ ಎಬ್ಬಿಸಿಕೊಂಡು ಹೊರಗೆ ಬಂದೆ. ಗೇಟಿನ ಹೊರಗೆ ನಿಂತಾಗ ಒಳಗಿನಿಂದ ಗೋಲಿನ ಕೂಗು ಕೇಳಿತು. ಚಿಕ್ಕವನು ಹಿಂತಿರುಗಿ ಕ್ರೀಡಾಂಗಣದ ದೀಪಗಳನ್ನೇ ನೋಡುತ್ತಾ ನಿಂತ.

ಇನ್ನೊಂದು ಸಲ ದೂರದ ಊರಿನ ಪಂದ್ಯ. ಭಾನುವಾರವೆಂದು ತಿಂಗಳ ಮೊದಲೇ ರೈಲು ಟಿಕೆಟ್ ಮಾಡಿಸಿ, ನಾಲ್ಕು ಜನ ರಜೆ ಹೊಂದಿಸಿಕೊಂಡಿದ್ದೆವು. ವಾರವಿರುವಾಗ ಪ್ರಸಾರದ ಕಾರಣಕ್ಕೆಂದು ಪಂದ್ಯವನ್ನು ವಾರದ ನಡುವಿನ ದಿನಕ್ಕೆ ಹಾಕಿದರು. ಆಟದ ಟಿಕೆಟ್ಟಿನ ದುಡ್ಡು ಹಿಂದೆ ಕೊಟ್ಟರು, ಸುಳ್ಳು ಹೇಳಬಾರದು. ರೈಲಿನದು, ಹೋಟೆಲಿನದು, ಕಳೆದುಕೊಂಡ ದಿನಗೂಲಿಯದು ಯಾರು ಕೊಡುತ್ತಾರೆ? ಟಿವಿಯಲ್ಲಿ ನೋಡುವವನಿಗೆ ಹೊತ್ತು ಬದಲಾದರೆ ರಿಮೋಟ್ ಬೇರೆ ಹೊತ್ತಿಗೆ ಒತ್ತಿದರಾಯಿತು. ಕಾಲಿನಲ್ಲಿ ಬರುವವನಿಗೆ ಹೊತ್ತೆಂದರೆ ದುಡ್ಡು, ದಾರಿ, ಜೊತೆಗಾರರು, ಮಾಲೀಕನ ಒಪ್ಪಿಗೆ. ಇಬ್ಬರ ನಷ್ಟವನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇಂಗ್ಲೆಂಡಿನಲ್ಲೂ ಇದೇ ನೋವು. ನ್ಯೂಕಾಸಲ್‌ನಿಂದ ಬೋರ್ನ್‌ಮತ್‌ಗೆ 500 ಕಿಲೋಮೀಟರಿಗೂ ಹೆಚ್ಚು, ಅಲ್ಲಿ ರಾತ್ರಿ 8ಕ್ಕೆ ಪಂದ್ಯವಿಟ್ಟರೆ ಮರಳಲು ಅದೇ ರಾತ್ರಿ ರೈಲು ಸಿಗದು. 2023ರ ಡಿಸೆಂಬರ್ 24ರಂದು, ಕ್ರಿಸ್‌ಮಸ್‌ನ ಮುನ್ನಾದಿನ, ವೂಲ್ವ್ಸ್ ಮತ್ತು ಚೆಲ್ಸಿಯ ಪಂದ್ಯವನ್ನು ಟಿವಿಗಾಗಿ ಇಟ್ಟರು. 1995ರ ನಂತರ ಆ ದಿನ ಅಲ್ಲಿ ಲೀಗ್ ಪಂದ್ಯ ನಡೆದಿರಲಿಲ್ಲ. ನಮ್ಮಲ್ಲಿ ಚೌತಿಯ ಹಿಂದಿನ ದಿನ ಮನೆಮಂದಿಯನ್ನು ಬಿಟ್ಟು ದೂರದೂರಿಗೆ ಹೋಗಿ ಬಾ ಎಂದರೆ ಹೇಗೋ ಹಾಗೆ.

ಜರ್ಮನಿಯವರು ಸುಮ್ಮನೆ ಕೂರಲಿಲ್ಲ. 2017–18ರಿಂದ ಬುಂಡೆಸ್‌ಲೀಗಾ ವರ್ಷಕ್ಕೆ ಐದು ಪಂದ್ಯಗಳನ್ನು ಸೋಮವಾರ ರಾತ್ರಿಗೆ ತಂದಿತು. 2018ರ ಫೆಬ್ರವರಿಯಲ್ಲಿ ಫ್ರಾಂಕ್‌ಫರ್ಟ್–ಲೈಪ್‌ಜಿಗ್ ಪಂದ್ಯದಂದು ಅಭಿಮಾನಿಗಳು ಮೈದಾನಕ್ಕೆ ಟೆನಿಸ್ ಚೆಂಡುಗಳ ಮಳೆ ಸುರಿಸಿದರು, ಎರಡನೇ ಅರ್ಧ ತಡವಾಗಿ ಶುರುವಾಯಿತು. ಬೇರೆ ಊರುಗಳಲ್ಲೂ ಪ್ರತಿಭಟನೆ ನಡೆಯಿತು. ಅಲ್ಲಿ ಕ್ಲಬ್‌ಗಳ ಮತದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ, ಹಾಗಾಗಿ ಆ ಕೂಗು ಆಡಳಿತದ ಕಿವಿಗೆ ಬಿತ್ತು. 2021–22ರಿಂದ ಸೋಮವಾರದ ಪಂದ್ಯಗಳು ನಿಂತವು. ಲೀಗ್ ಮುಳುಗಲಿಲ್ಲ. ದುಡ್ಡು ಬೇಕೆಂದರೆ ಹೊತ್ತನ್ನೂ ಕೊಡಲೇಬೇಕು ಎಂಬ ಮಾತಿಗೆ ನನ್ನ ಉತ್ತರ ಇದು.

ಹೊತ್ತಿನಲ್ಲಿ ನ್ಯಾಯವೂ ಅಡಗಿದೆ. 1982ರ ಸ್ಪೇನ್ ವಿಶ್ವಕಪ್‌ನಲ್ಲಿ ಅಲ್ಜೀರಿಯ ತನ್ನ ಗುಂಪಿನ ಕೊನೆಯ ಪಂದ್ಯವನ್ನು ಜೂನ್ 24ರಂದು ಆಡಿ ಗೆದ್ದಿತು. ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯ ಮರುದಿನ ಹಿಹೋನ್‌ನಲ್ಲಿ ಆಡಿದವು. ಜರ್ಮನಿ ಒಂದೇ ಗೋಲಿನಿಂದ ಗೆದ್ದರೆ ಇಬ್ಬರೂ ಮುಂದೆ ಹೋಗುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಹತ್ತು ನಿಮಿಷದಲ್ಲಿ ಗೋಲು ಬಂತು, ಆಮೇಲೆ ಚೆಂಡನ್ನು ಅತ್ತಿತ್ತ ತಳ್ಳುತ್ತಾ ಕಾಲ ಕಳೆದರು. ಅಲ್ಜೀರಿಯ ಮನೆಗೆ ಹೋಯಿತು. 1986ರಿಂದ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುತ್ತಾರೆ. ಟಿವಿಗೆ ಇದು ನಷ್ಟದ ಬಾಬ್ತು, ಎರಡು ಒಳ್ಳೆಯ ಪಂದ್ಯ ಒಟ್ಟಿಗೇ ಹೋಗಿಬಿಡುತ್ತವೆ. ಆದರೂ ಒಪ್ಪಿದರು. ಮೋಸ ತಡೆಯಲು ಹೊತ್ತನ್ನು ಬಿಗಿಹಿಡಿಯಬಹುದಾದರೆ ಬಿಸಿಲು ತಡೆಯಲು ಯಾಕಾಗದು, ಕೊನೆಯ ಬಸ್ಸಿಗಾಗಿ ಯಾಕಾಗದು?

ಯಕ್ಷಗಾನದ ಮಾತನ್ನೂ ಅಕ್ಕ ತಂದಿದ್ದಾರೆ. ಕಾಲಮಿತಿ ಬಂದದ್ದು ಎದುರಿಗೆ ಚಾಪೆ ಹಾಕಿ ಕೂರುವವರು ಕೇಳಿದ್ದರಿಂದ. ಅವರಿಗೆ ಬೆಳಿಗ್ಗೆ ಬೇಗ ಏಳಬೇಕಿತ್ತು, ಮೇಳದವರು ಅದನ್ನು ನೋಡಿ ಪ್ರಸಂಗವನ್ನು ಹ್ರಸ್ವ ಮಾಡಿದರು. ಅದು ನಾನು ಕೇಳುವುದನ್ನೇ ಮಾಡಿದ ಹಾಗಾಯಿತು. ಬೇರೆ ದೇಶದ ಗಡಿಯಾರ ನೋಡಿ ಇಡಗುಂಜಿಯ ಆಟವನ್ನು ಮಧ್ಯಾಹ್ನದ ಬಿಸಿಲಿಗೆ ಇಟ್ಟಿದ್ದರೆ, ವೇಷ ಕಟ್ಟಿದವನ ಗತಿ ಏನಾಗುತ್ತಿತ್ತು?

ದೂರದಲ್ಲಿ ಕೂತು ನೋಡುವವರ ಮೇಲೆ ನನಗೆ ಕೋಪವಿಲ್ಲ, ನಾನೂ ಅವರಲ್ಲೊಬ್ಬ. ಬೈತಖೋಲ ಬಂದರಿನ ಹುಡುಗರ ಜೊತೆ ವಿಶ್ವಕಪ್ ನೋಡಿದ ರಾತ್ರಿಗಳು ನನ್ನ ಬದುಕಿನ ಒಳ್ಳೆಯ ರಾತ್ರಿಗಳು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ವಿಶ್ವಕಪ್ಪೂ ಸಾಮಾನ್ಯವಾಗಿ ಆಗಲೇ ಬರುವುದರಿಂದ ರಾತ್ರಿಯಿಡೀ ನೋಡಿ ಹಗಲು ಮಲಗಬಹುದು, ಹೊರಗೆ ಮಳೆ ಹುಯ್ಯುತ್ತಿರುತ್ತದೆ. 2022ರದು ಕತಾರ್‌ನ ಸೆಕೆಗೆ ಹೆದರಿ ನವೆಂಬರ್, ಡಿಸೆಂಬರಿಗೆ ಹೋಯಿತು. ಸೆಮಿಫೈನಲ್ ನಮಗೆ ರಾತ್ರಿ 12:30ಕ್ಕೆ. ಮೀನುಗಾರಿಕೆ ಭರದಲ್ಲಿದ್ದ ಕಾಲ. ಎಷ್ಟೋ ಜನ ಅದನ್ನು ನೋಡದೆ ಮಲಗಿದರು, ಯಾಕೆಂದರೆ ಜಾವಕ್ಕೆ ದೋಣಿ. ಅದನ್ನು ಯಾರೂ ಅನ್ಯಾಯ ಎನ್ನಲಿಲ್ಲ. ಆಟ ಅಲ್ಲಿ ನಡೆಯುತ್ತದೆ, ಅಲ್ಲಿಯ ಹೊತ್ತಿಗೆ ನಡೆಯುತ್ತದೆ, ನಮಗೆ ಸಿಕ್ಕಿದರೆ ನೋಡೋಣ ಎಂದುಕೊಂಡರು.

ನಾನು ಇಷ್ಟು ಗಟ್ಟಿಯಾಗಿ ಬರೆಯಲು ಕಾರಣ ಮ್ಯಾಡ್ರಿಡ್ ಅಲ್ಲ, ಫ್ರಾಂಕ್‌ಫರ್ಟ್ ಅಲ್ಲ. ನಮ್ಮ ಊರಿನ ಆಟಕ್ಕೇ ಈ ರೋಗ ಹತ್ತಿದೆ. ಈಗ ಕರಾವಳಿಯ ಪ್ರತಿ ಕೇರಿಯ ಟೂರ್ನಿಗೂ ಯೂಟ್ಯೂಬ್ ಲೈವ್ ಇದೆ. ಹೊನಲು-ಬೆಳಕಿನ ಪಂದ್ಯ, ಎರಡು ಕ್ಯಾಮೆರಾ, ವೀಕ್ಷಕ ವಿವರಣೆ. ಊರು ಬಿಟ್ಟು ಮುಂಬೈಯಲ್ಲಿ, ಗಲ್ಫ್‌ನಲ್ಲಿ ಇರುವವರು ನೋಡುತ್ತಾರೆಂಬ ಸಂತೋಷ ನನಗೂ ಇದೆ. ಆದರೆ ಒಂದು ಊರಿನಲ್ಲಿ, ಹೆಸರು ಬೇಡ, ಫೈನಲನ್ನು ರಾತ್ರಿ 11:30ರ ತನಕ ಎಳೆದರು. ಆಗ ನೋಡುವವರ ಸಂಖ್ಯೆ ಏರುತ್ತದೆ, ಪ್ರಾಯೋಜಕರು ಹಾಗೆ ಕೇಳಿದ್ದಾರೆ ಎಂದರು. ನಾನು ಅಂದು ರೆಫರಿಯಾಗಿ ಪೀಪಿ ಹಿಡಿದು ನಿಂತಿದ್ದೆ. ಮಕ್ಕಳು ತಾಯಂದಿರ ಮಡಿಲಲ್ಲಿ ನಿದ್ದೆಹೋಗಿದ್ದರು. ಅಜ್ಜಂದಿರು ಎದ್ದು ಹೋಗಿದ್ದರು. ಮೈದಾನದ ಸುತ್ತ ಉಳಿದವರು ಅರವತ್ತು ಜನರಿದ್ದರೆ ಹೆಚ್ಚು, ಸಂಜೆ ಅಲ್ಲಿ ನಿಲ್ಲಲು ಜಾಗವಿರಲಿಲ್ಲ. ಒಂದು ತಂಡದ ಐದು ಹುಡುಗರು ಬೆಳಗಿನ 4ಕ್ಕೆ ಬಂದರಿಗೆ ಹೋಗಬೇಕಾದವರು. ಎರಡನೇ ಅರ್ಧದಲ್ಲಿ ಅವರ ಕಾಲು ಏಳುತ್ತಿರಲಿಲ್ಲ. ಅವರಲ್ಲೊಬ್ಬ ಬಿದ್ದು ಮೊಣಕಾಲು ತಿರುಚಿಕೊಂಡ, ಆ ಹಂಗಾಮು ಪೂರ್ತಿ ದೋಣಿ ಹತ್ತಲಿಲ್ಲ. ದಣಿವಿನಿಂದಲೇ ಬಿದ್ದ ಎಂದು ನಾನು ಸಾಧಿಸಲಾರೆ. ಆದರೆ ಸಂಜೆಯ ಪಂದ್ಯದಲ್ಲಿ ಅವನು ಹಾಗೆ ಬಿದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಜನವರಿಯಲ್ಲಿ ನಮ್ಮ ಕೇರಿಯ ಟೂರ್ನಿ. ಕಾರವಾರದಲ್ಲಿ ಆಗ ಸೂರ್ಯ ಮುಳುಗುವುದು 6:20ರ ಆಸುಪಾಸು. ಸಮಿತಿಯ ಸಭೆಯಲ್ಲಿ ನಾನು ಕೇಳುವುದು ಇಷ್ಟು: ಫೈನಲ್ ಸುಕ್ತಿಯ ದಿನ ನೋಡಿ ಇಡಿ, 4:45ಕ್ಕೆ ಶುರುಮಾಡಿ, ಅರ್ಧಕ್ಕೆ 30 ನಿಮಿಷದಂತೆ ಆಡಿಸಿ, ಬೆಳಕಿರುವಾಗಲೇ ಬಹುಮಾನ ಕೊಟ್ಟು ಮುಗಿಸಿ. ಒಮ್ಮೆ ಹೇಳಿದ ಹೊತ್ತನ್ನು ಬದಲಿಸಬೇಡಿ. ಕ್ಯಾಮೆರಾದವರು ಬರಲಿ, ಅವರಿಗೂ ಕುರ್ಚಿ ಹಾಕೋಣ. ದುಬೈನಲ್ಲಿ ಆಗ 3:15, ಕೆಲಸದ ಹೊತ್ತು. ಅಲ್ಲಿರುವ ನನ್ನ ಅಣ್ಣನ ಮಗ ರಾತ್ರಿ ರೂಮಿಗೆ ಬಂದ ಮೇಲೆ ನೋಡುತ್ತೇನೆ, ಯಾರೂ ಫಲಿತಾಂಶ ಹೇಳಬೇಡಿ ಎಂದು ಈಗಲೇ ತಿಳಿಸಿದ್ದಾನೆ.